ರಾಯಚೂರು ಯುದ್ಧದ ದಿನವನ್ನು ಹುಡುಕಿದ ರಾಬರ್ಟ್ ಸೀವೆಲ್

(ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಲೇಖನ ಕಳಿಸಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಯ ದಿನಗಳ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವ ಹಿರಿಯರು ಬಹಳ ಮಂದಿ ಇದ್ದಾರೆ. ಆದ್ದರಿಂದ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಕಲೆಕ್ಟರ್ ಆಗಿದ್ದ, ಇತಿಹಾಸ ಓದಿದವರೆಲ್ಲ ಹೆಸರು ಕೇಳಿರುವ ರಾಬರ್ಟ್ ಸೀವೆಲ್ ಅವರ ಜೀವನವನ್ನು ಪರಿಚಯ ಮಾಡಿಕೊಡೋಣ ಎಂದುಕೊಂಡೆ. ವಿಜಯನಗರದ ಬಗ್ಗೆ ಪುಸ್ತಕ ಬರೆದವರು ಎಂಬಷ್ಟೇ ಅವರ ಬಗ್ಗೆ ಸಾಮಾನ್ಯವಾಗಿ ತಿಳಿದಿರುತ್ತದೆ. ನನಗೆ ಅವರು ಹತ್ತಿರವಾದದ್ದು ಬೇರೆ ಕಾರಣಕ್ಕೆ. ಕೃಷ್ಣದೇವರಾಯನ ರಾಯಚೂರು ಯುದ್ಧ 1520ರಲ್ಲಿ ನಡೆಯಿತು ಎಂದು ಪಠ್ಯಪುಸ್ತಕದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆ ಇಸವಿ ಎಲ್ಲಿಂದ ಬಂತು, ಯಾರು ಹೇಗೆ ಗೊತ್ತುಮಾಡಿದರು ಎಂದು ಕೇಳಿಕೊಂಡು ಹೋದರೆ ಸೀವೆಲ್ ಅವರ ಮೇಜಿಗೆ ಹೋಗಿ ನಿಲ್ಲುತ್ತೇವೆ.

ಈ ಯುದ್ಧ ನಮಗೆ ದೂರದ್ದಲ್ಲ. ಸಿರುಗುಪ್ಪದಿಂದ ಹೊರಟು ದಢೇಸುಗೂರಿನ ಸೇತುವೆಯಲ್ಲಿ ತುಂಗಭದ್ರೆಯನ್ನು ದಾಟಿದರೆ ಸಿಂಧನೂರು ಸೀಮೆ, ಅದರಾಚೆ ಮಾನ್ವಿ, ಅದರಾಚೆ ರಾಯಚೂರು. ತುಂಗಭದ್ರೆ ಮತ್ತು ಕೃಷ್ಣೆಯ ನಡುವಿನ ಈ ನೆಲವನ್ನು ಹಿಂದಿನವರು ಎಡೆದೊರೆ ನಾಡು ಎಂದರು, ಆಮೇಲಿನವರು ದೋಆಬ್ ಎಂದರು. ವಿಜಯನಗರದವರೂ ಬಹಮನಿಯವರೂ, ಅವರ ನಂತರ ಬಿಜಾಪುರದ ಆದಿಲಶಾಹಿಗಳೂ ಇದಕ್ಕಾಗಿ ತಲೆತಲಾಂತರ ಕಾದಾಡಿದರು. ನಮ್ಮ ಊರು ಆ ಜಗಳದ ನೆಲಕ್ಕೆ ಹೊಂದಿಕೊಂಡ ಈಚೆ ದಡ.

ಸೀವೆಲ್ ಹುಟ್ಟಿದ್ದು 1845ರಲ್ಲಿ. ಮದ್ರಾಸ್ ಸಿವಿಲ್ ಸರ್ವಿಸ್ ಸೇರಿ ಮದ್ರಾಸ್ ಪ್ರಾಂತ್ಯದಲ್ಲಿ ಕೆಲಸ ಮಾಡಿದರು. ಬಳ್ಳಾರಿ ಆಗ ಅದೇ ಪ್ರಾಂತ್ಯಕ್ಕೆ ಸೇರಿತ್ತು. ಕಂದಾಯ, ನ್ಯಾಯ, ಬರಗಾಲದ ಪರಿಹಾರ ಇವೆಲ್ಲ ಅಂದಿನ ಅಧಿಕಾರಿಗಳ ದಿನನಿತ್ಯದ ಕೆಲಸ. ಸೀವೆಲ್ ಅವರಿಗೆ ಅದರ ಜೊತೆಗೆ ಹಳೆಯ ಕಲ್ಲು, ಶಾಸನಗಳ ಹುಚ್ಚು ಹಿಡಿಯಿತು. 1877ರಲ್ಲಿ ಕೃಷ್ಣಾ ತೀರದ ಅಮರಾವತಿಯ ಬೌದ್ಧ ಸ್ತೂಪದಲ್ಲಿ ಅಗೆತ ನಡೆಸಿ 1880ರಲ್ಲಿ ವರದಿ ಪ್ರಕಟಿಸಿದರು. ನಂತರ ಸರ್ಕಾರ ಅವರಿಗೆ ಇನ್ನೂ ದೊಡ್ಡ ಕೆಲಸ ವಹಿಸಿತು. ಮದ್ರಾಸ್ ಪ್ರಾಂತ್ಯದ ಊರೂರಿನಲ್ಲಿ ಯಾವ ದೇವಸ್ಥಾನ, ಯಾವ ಶಾಸನ, ಯಾವ ಕೋಟೆ ಇದೆ ಎಂಬುದರ ಪಟ್ಟಿ ಮಾಡಬೇಕಾಗಿತ್ತು. 1882 ಮತ್ತು 1884ರಲ್ಲಿ ಎರಡು ಸಂಪುಟಗಳಾಗಿ ಆ ಪಟ್ಟಿ ಬಂತು. ಬಳ್ಳಾರಿ ಜಿಲ್ಲೆಯೂ ಅದರಲ್ಲಿ ತಾಲೂಕುವಾರು ಸೇರಿದೆ.

ಪಟ್ಟಿ ಮಾಡುತ್ತಾ ಹೋದಂತೆ ಅವರಿಗೆ ಒಂದು ತೊಡಕು ಎದುರಾಯಿತು. ನಮ್ಮ ಶಾಸನಗಳಲ್ಲಿ ದಿನ ಬರೆಯುವ ಕ್ರಮ ಬೇರೆ. ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ ಎಲ್ಲ ಇರುತ್ತವೆ. ಅದನ್ನು ಇಂಗ್ಲಿಷ್ ತಾರೀಖಿಗೆ ತಿರುಗಿಸುವುದು ಸುಲಭವಲ್ಲ. ತಿಥಿ ಎಂದರೆ ಸೂರ್ಯ ಚಂದ್ರರ ನಡುವಿನ ಅಂತರದ ಲೆಕ್ಕ. ಅದು ಮಧ್ಯಾಹ್ನವೂ ಬದಲಾಗಬಹುದು, ನಡುರಾತ್ರಿಯೂ ಬದಲಾಗಬಹುದು. ಇನ್ನು ಅಧಿಕ ಮಾಸ ಬಂತೆಂದರೆ ಲೆಕ್ಕವೇ ತಲೆಕೆಳಗು. ಈ ತೊಡಕು ಪಂಡಿತರದ್ದು ಮಾತ್ರವಾಗಿರಲಿಲ್ಲ. ಜಮೀನಿನ ವ್ಯಾಜ್ಯಗಳಲ್ಲಿ ಕಕ್ಷಿದಾರರು ಹಳೆಯ ದಾನಪತ್ರ, ತಾಮ್ರಪಟ ತಂದು ಕೋರ್ಟಿಗೆ ಹಾಜರುಪಡಿಸುತ್ತಿದ್ದರು. ಅವುಗಳಲ್ಲಿ ಖೋಟಾ ಪತ್ರಗಳೂ ಬಹಳ ಇರುತ್ತಿದ್ದವು. ಪತ್ರದಲ್ಲಿ ಬರೆದ ತಿಥಿಗೂ ವಾರಕ್ಕೂ ಹೊಂದಿಕೆ ಇದೆಯೇ ಎಂದು ನೋಡಿದರೆ ಸುಳ್ಳು ಪತ್ರ ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ಖೋಟಾ ಮಾಡುವವನಿಗೆ ಇನ್ನೂರು ವರ್ಷದ ಹಿಂದಿನ ಒಂದು ಪಂಚಮಿ ಯಾವ ವಾರ ಬಂದಿತ್ತೆಂದು ಹೇಗೆ ಗೊತ್ತಿರುತ್ತದೆ? ಹೊಲಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದ ಕುಟುಂಬಗಳು ನಮ್ಮ ತಾಲೂಕಿನಲ್ಲೂ ಇವೆ, ಒಂದು ತಾರೀಖಿನ ಬೆಲೆ ಎಷ್ಟೆಂದು ಅವರಿಗೆ ನಾನು ಹೇಳಬೇಕಾಗಿಲ್ಲ.

ಈ ಕೆಲಸದಲ್ಲಿ ಸೀವೆಲ್ ಅವರಿಗೆ ಜೊತೆಯಾದವರು ಒಬ್ಬ ಶಾಲಾ ಮೇಷ್ಟ್ರು. ಶಂಕರ ಬಾಲಕೃಷ್ಣ ದೀಕ್ಷಿತ್ ಎಂಬ ಇವರು 1853ರಲ್ಲಿ ರತ್ನಾಗಿರಿ ಜಿಲ್ಲೆಯ ಮುರುಡದಲ್ಲಿ ಹುಟ್ಟಿ, ಶಿಕ್ಷಕರಾಗಿ ದುಡಿದು, ಪುಣೆಯ ಟ್ರೈನಿಂಗ್ ಕಾಲೇಜಿನಲ್ಲಿದ್ದವರು. ಭಾರತದ ಜ್ಯೋತಿಶ್ಶಾಸ್ತ್ರದ ಇತಿಹಾಸವನ್ನು ಮರಾಠಿಯಲ್ಲಿ ಬರೆದ ವಿದ್ವಾಂಸರು. ಇಬ್ಬರೂ ಸೇರಿ 1896ರಲ್ಲಿ ಲಂಡನ್ನಿನಲ್ಲಿ 'ದಿ ಇಂಡಿಯನ್ ಕ್ಯಾಲೆಂಡರ್' ಎಂಬ ಗ್ರಂಥ ಪ್ರಕಟಿಸಿದರು. ಹಿಂದೂ ಮತ್ತು ಹಿಜರಿ ತಾರೀಖುಗಳನ್ನು ಕ್ರಿಸ್ತಶಕಕ್ಕೆ ತಿರುಗಿಸುವ ಕೋಷ್ಟಕಗಳ ಪುಸ್ತಕ ಅದು. ಇವತ್ತು ನನ್ನಂಥವರು ಇದೇ ಕೆಲಸಕ್ಕೆ ಹತ್ತು ಸಾಲಿನ ಪ್ರೋಗ್ರಾಂ ಬರೆದು ಗುಂಡಿ ಒತ್ತುತ್ತೇವೆ. ಅವರಿಬ್ಬರೂ ಸಾವಿರಾರು ಸಂಖ್ಯೆಗಳನ್ನು ಕೈಯಲ್ಲೇ ಲೆಕ್ಕ ಹಾಕಿದರು. ಪುಸ್ತಕ ಬಂದ ಎರಡೇ ವರ್ಷಕ್ಕೆ, 1898ರಲ್ಲಿ, ದೀಕ್ಷಿತ್ ತೀರಿಕೊಂಡರು. ಸೀವೆಲ್ ಅವರ ಹೆಸರು ಹೇಳುವಾಗ ಈ ಮೇಷ್ಟ್ರ ಹೆಸರನ್ನು ಬಿಡಬಾರದು, ಅದರಲ್ಲೂ ಒಂದು ಶಾಲೆಯ ಸಂಚಿಕೆಯಲ್ಲಿ.

ಈಗ ರಾಯಚೂರಿಗೆ ಬರೋಣ. 1897ರಲ್ಲಿ ಡೇವಿಡ್ ಲೋಪೆಸ್ ಎಂಬ ಪೋರ್ಚುಗೀಸ್ ವಿದ್ವಾಂಸರು ಪ್ಯಾರಿಸ್ಸಿನ ಗ್ರಂಥಾಲಯದಲ್ಲಿದ್ದ ಒಂದು ಹಸ್ತಪ್ರತಿಯನ್ನು ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ವಿಜಯನಗರವನ್ನು ಕಣ್ಣಾರೆ ಕಂಡ ಇಬ್ಬರ ಬರಹಗಳಿದ್ದವು. ಒಬ್ಬ ಡೊಮಿಂಗೊ ಪೇಸ್, ಕೃಷ್ಣದೇವರಾಯನ ಕಾಲದಲ್ಲಿ ಬಂದವನು. ಇನ್ನೊಬ್ಬ ಫೆರ್ನಾವೊ ನುನಿಜ್, ಅಚ್ಯುತರಾಯನ ಕಾಲದಲ್ಲಿ ಬಂದ ಕುದುರೆ ವ್ಯಾಪಾರಿ. ಸೀವೆಲ್ ಇವೆರಡನ್ನೂ ಇಂಗ್ಲಿಷಿಗೆ ಅನುವಾದಿಸಿ, ಮುಂದೆ ತಮ್ಮದೇ ಇತಿಹಾಸ ಭಾಗವನ್ನು ಸೇರಿಸಿ, 1900ರಲ್ಲಿ 'ಎ ಫರ್ಗಾಟನ್ ಎಂಪೈರ್' ಪ್ರಕಟಿಸಿದರು. ಮರೆತುಹೋದ ಸಾಮ್ರಾಜ್ಯ ಎಂದು ಅದರ ಅರ್ಥ.

ರಾಯಚೂರು ಯುದ್ಧವನ್ನು ವಿಸ್ತಾರವಾಗಿ ವರ್ಣಿಸಿದವನು ನುನಿಜ್. ರಾಯನ ಸೈನ್ಯದಲ್ಲಿ 7,03,000 ಕಾಲಾಳು, 32,600 ಕುದುರೆ, 551 ಆನೆ ಇದ್ದವೆಂದು ಅವನ ಲೆಕ್ಕ. ಕ್ರಿಸ್ಟೊವಾವೊ ಡಿ ಫಿಗರೇಡೊ ಎಂಬ ಪೋರ್ಚುಗೀಸನು ಇಪ್ಪತ್ತು ಬಂದೂಕುದಾರರೊಡನೆ ಮುತ್ತಿಗೆಯಲ್ಲಿ ರಾಯನಿಗೆ ನೆರವಾದ. ಎದುರು ಪಕ್ಷದಲ್ಲಿ ಸಲಾಬತ್ ಖಾನನ ಕೈಕೆಳಗೆ ಐನೂರು ಮಂದಿ ಪೋರ್ಚುಗೀಸರೇ ಇದ್ದರು. ಆದಿಲಶಾಹ ಕೃಷ್ಣೆಯನ್ನು ದಾಟಿ ಬಂದು ಸೋತು ಹಿಂದಕ್ಕೆ ಓಡಿದ. ಬಿಜಾಪುರದ ಕಡೆಯ ಫಿರಿಷ್ತಾ ಕೂಡ ಈ ಸೋಲನ್ನು ಒಪ್ಪುತ್ತಾನೆ, ಸುಲ್ತಾನ ಕುಡಿದ ಮತ್ತಿನಲ್ಲಿ ಹೊಳೆ ದಾಟಿದನೆಂದು ಕಾರಣ ಕೊಡುತ್ತಾನೆ. ಹೀಗೆ ಯುದ್ಧ ನಡೆದದ್ದರಲ್ಲಿ ಅನುಮಾನವಿಲ್ಲ. ಯಾವತ್ತು ಎಂಬುದೇ ಪ್ರಶ್ನೆ.

ನುನಿಜ್ ಕೊಡುವ ದಿನ ಹೀಗಿದೆ: ಮೇ ತಿಂಗಳು, ಶನಿವಾರ, ಹೊಸ ಚಂದ್ರನ ದಿನ, 1522ನೆಯ ಇಸವಿ. ರಾಯ ಶುಕ್ರವಾರವೇ ಯುದ್ಧಕ್ಕೆ ಸಿದ್ಧನಾಗಿದ್ದ, ಆ ದಿನ ಒಳ್ಳೆಯದಲ್ಲವೆಂದು ಮಂತ್ರಿಗಳು ಮರುದಿನಕ್ಕೆ ಮುಂದೂಡಿಸಿದರು ಎಂದೂ ಹೇಳುತ್ತಾನೆ. ಸೀವೆಲ್ ತಮ್ಮ ಕೋಷ್ಟಕ ತೆರೆದು ನೋಡಿದರು. 1522ರ ಮೇ ತಿಂಗಳ ಅಮಾವಾಸ್ಯೆ ಬಂದದ್ದು 25ನೆಯ ತಾರೀಖು, ಭಾನುವಾರ. 1521ರಲ್ಲಿ ಮೇ 6, ಸೋಮವಾರ. 1520ರಲ್ಲಿ ಮೇ 17, ಗುರುವಾರ. ಮೂರರಲ್ಲಿ ಒಂದೂ ಶನಿವಾರವಲ್ಲ!

ಇಲ್ಲಿಗೆ ಕೈಚೆಲ್ಲಿ, ನುನಿಜ್ ಹೇಳಿದ್ದೆಲ್ಲ ಕಟ್ಟುಕತೆ ಎಂದುಬಿಡಬಹುದಿತ್ತು. ಸೀವೆಲ್ ಹಾಗೆ ಮಾಡದೆ, ಹೊಸ ಚಂದ್ರ ಎಂದರೆ ಏನು ಎಂದು ಯೋಚಿಸಿದರು. ಪಂಚಾಂಗದ ಅಮಾವಾಸ್ಯೆ ಕಣ್ಣಿಗೆ ಕಾಣುವಂಥದ್ದಲ್ಲ. ಸೈನ್ಯದ ಬಿಡಾರದಲ್ಲಿದ್ದವರಿಗೆ ಹೊಸ ಚಂದ್ರ ಎಂದರೆ ಪಡುವಣದಲ್ಲಿ ಮೊದಲು ಕಾಣಿಸುವ ತೆಳು ಗೆರೆ. ನಾವು ಅದನ್ನು ಬಿದಿಗೆ ಚಂದ್ರ ಎನ್ನುತ್ತೇವೆ. ರಂಜಾನ್ ಹಬ್ಬಕ್ಕೆ ನಮ್ಮ ಊರಿನ ಮುಸ್ಲಿಂ ಗೆಳೆಯರು ಮಾಳಿಗೆ ಹತ್ತಿ ಹುಡುಕುವುದೂ ಅದನ್ನೇ. 1520ರಲ್ಲಿ ಗುರುವಾರ ಅಮಾವಾಸ್ಯೆಯಾದರೆ ಆ ಗೆರೆ ಕಾಣುವುದು ಎರಡು ದಿನ ಬಿಟ್ಟು. ಅಂದರೆ ಮೇ 19, ಸರಿಯಾಗಿ ಶನಿವಾರ. 1522ರಲ್ಲಾದರೋ ಶನಿವಾರ ಅಮಾವಾಸ್ಯೆಯ ಹಿಂದಿನ ದಿನ ಬೀಳುತ್ತದೆ, ಹೊಸ ಚಂದ್ರ ಕಾಣುವ ಮಾತೇ ಇಲ್ಲ.

ವಾರ ಮತ್ತು ಚಂದ್ರ ಎರಡೂ 1520ರ ಕಡೆಗೆ ಕೈತೋರಿಸಿದವು. ಆದರೂ ಕೈಬರಹದಲ್ಲಿರುವ ಇಸವಿಯನ್ನು ಇಷ್ಟಕ್ಕೇ ತಿದ್ದಬಹುದೇ? ಸೀವೆಲ್ ಮೂರನೆಯ ಸಾಕ್ಷಿಯನ್ನು ಪೋರ್ಚುಗೀಸರ ಇತಿಹಾಸಗಳಿಂದಲೇ ತಂದರು. ರಾಯಚೂರಿನ ಗಲಾಟೆಯ ಸಮಯದಲ್ಲೇ ಗೋವೆಯ ಕಪ್ತಾನ ರೂಯ್ ಡಿ ಮೆಲ್ಲೊ ಬಿಜಾಪುರದವರ ಕೈಯಿಂದ ಗೋವೆಯ ಎದುರಿನ ನೆಲವನ್ನು ಕಸಿದುಕೊಂಡ. ಆಗ ಗವರ್ನರ್ ಡಿಯೊಗೊ ಲೋಪೆಸ್ ಡಿ ಸಿಕ್ವೇರಾ ಕೆಂಪು ಸಮುದ್ರದ ಯಾತ್ರೆಯಲ್ಲಿದ್ದ. ಸಿಕ್ವೇರಾ ಆ ಯಾತ್ರೆಗೆ ಹೊರಟದ್ದು 1520ರ ಫೆಬ್ರವರಿಯಲ್ಲಿ. 1522ರ ಜನವರಿಯಲ್ಲಿ ಅವನ ಅಧಿಕಾರವೇ ಮುಗಿದು ಬೇರೊಬ್ಬ ಗವರ್ನರ್ ಬಂದಿದ್ದ. ಹಾಗಾದರೆ ಯುದ್ಧ 1522ರ ಮೇ ತಿಂಗಳಲ್ಲಿ ನಡೆದಿರಲಾರದು. ಮೂರು ದಾರಿಗಳೂ ಒಂದೇ ಊರಿಗೆ ಬಂದು ಸೇರಿದವು. 1520ರ ಮೇ 19 ಎಂಬ ದಿನ ಹೀಗೆ ನಿಂತಿತು, ಇಂದಿಗೂ ನಿಂತಿದೆ.

ನುನಿಜ್ ಹತ್ತು ಹದಿನೈದು ವರ್ಷಗಳ ನಂತರ, ಇತರರಿಂದ ಕೇಳಿ ಬರೆದವನು. ಅವನಿಗೆ ಇಸವಿ ತಪ್ಪಿತು, ವಾರ ಮತ್ತು ಚಂದ್ರ ತಪ್ಪಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಮನೆಯ ಅಜ್ಜಿಯರಿಗೆ ಮಕ್ಕಳು ಹುಟ್ಟಿದ ಇಸವಿ ಕೇಳಿದರೆ ಗೊತ್ತಿರುವುದಿಲ್ಲ. ಮಹಾನವಮಿಯ ಮಾರನೆಯ ದಿನ, ಮಂಗಳವಾರ, ಹೊಳೆ ತುಂಬಿ ಬಂದಿತ್ತು ಎಂದು ಮಾತ್ರ ಖಚಿತವಾಗಿ ಹೇಳುತ್ತಾರೆ. ಬದುಕಿದವರು ನೆನಪಿಡುವುದು ವಾರ, ತಿಥಿ, ಮಳೆ, ಹಬ್ಬ. ಇಸವಿ ಕಚೇರಿಯವರದ್ದು.

ಕಂಪ್ಯೂಟರ್ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. 1520ರ ಮೇ 19 ಯಾವ ವಾರ ಎಂದು ಪೈಥಾನ್ ಭಾಷೆಯ ಸಾಧಾರಣ ಸೌಲಭ್ಯದಲ್ಲಿ ಕೇಳಿ ನೋಡಿ, ಬುಧವಾರ ಎಂದು ಉತ್ತರ ಬರುತ್ತದೆ. ಸೀವೆಲ್ ತಪ್ಪಿದರೆಂದು ತಿಳಿಯಬೇಡಿ. ನಾವು ಇಂದು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್ ಜಾರಿಗೆ ಬಂದದ್ದು 1582ರಲ್ಲಿ. ಪೈಥಾನ್ ಅದನ್ನೇ ಹಿಂದಕ್ಕೂ ಎಳೆದು ಲೆಕ್ಕ ಮಾಡುತ್ತದೆ. ಪೋರ್ಚುಗೀಸರು 1520ರಲ್ಲಿ ಬಳಸುತ್ತಿದ್ದುದು ಜೂಲಿಯನ್ ಕ್ಯಾಲೆಂಡರ್, ಎರಡಕ್ಕೂ ಆಗ ಹತ್ತು ದಿನಗಳ ವ್ಯತ್ಯಾಸ. ಯಂತ್ರ ಕೇಳಿದ್ದಕ್ಕೆ ಉತ್ತರಿಸುತ್ತದೆ. ಏನು ಕೇಳಬೇಕೆಂದು ತಿಳಿದಿರಬೇಕಾದವರು ನಾವು.

ಹೊರದೇಶಗಳಲ್ಲೂ ಯುದ್ಧಗಳ ದಿನವನ್ನು ಹೀಗೆಯೇ ಹುಡುಕಿದ್ದಾರೆ. ರೋಮನ್ನರು ಮ್ಯಾಸಿಡೋನಿಯದವರನ್ನು ಸೋಲಿಸಿದ ಪಿಡ್ನಾ ಯುದ್ಧವನ್ನು ರೋಮನ್ ಲೇಖಕ ಲಿವಿ ಸೆಪ್ಟೆಂಬರ್ ತಿಂಗಳಲ್ಲಿ ನಡೆಯಿತೆಂದು ಬರೆದಿದ್ದಾನೆ. ಹಿಂದಿನ ರಾತ್ರಿ ಚಂದ್ರಗ್ರಹಣವಾಯಿತೆಂದೂ ಹೇಳಿದ್ದಾನೆ. ಗ್ರಹಣದ ಲೆಕ್ಕ ಹಾಕಿದಾಗ ಅದು ಕ್ರಿ.ಪೂ. 168ರ ಜೂನ್ 21ರ ರಾತ್ರಿ ಎಂದು ತಿಳಿಯಿತು. ಅಂದಿನ ರೋಮನ್ ಕ್ಯಾಲೆಂಡರೇ ಎರಡು ತಿಂಗಳಿಗೂ ಹೆಚ್ಚು ಮುಂದೆ ಓಡಿತ್ತು! ಇನ್ನೊಂದು ಜರ್ಮನಿಯ ಕಾಲ್‌ಕ್ರೀಸ. ಕ್ರಿ.ಶ. 9ರಲ್ಲಿ ಮೂರು ರೋಮನ್ ದಳಗಳು ಕಾಡಿನಲ್ಲಿ ನಾಶವಾದ ಸಂಗತಿ ಪುಸ್ತಕಗಳಲ್ಲಿತ್ತು, ಜಾಗ ತಿಳಿದಿರಲಿಲ್ಲ. 1987ರಲ್ಲಿ ಟೋನಿ ಕ್ಲನ್ ಎಂಬ ಬ್ರಿಟಿಷ್ ಸೇನಾಧಿಕಾರಿಗೆ ಅಲ್ಲಿ ರೋಮನ್ ನಾಣ್ಯಗಳು ಸಿಕ್ಕವು. ಉತ್ಖನನ ನಡೆದಂತೆ ಸಿಕ್ಕ ನಾಣ್ಯಗಳಲ್ಲಿ ಆ ವರ್ಷದ ನಂತರ ಟಂಕಿಸಿದವು ಕಾಣಲಿಲ್ಲ. ಕೆಲವು ವಿದ್ವಾಂಸರು ಇನ್ನೂ ವಾದಿಸುತ್ತಿದ್ದರೂ, ಬರಹ ಮತ್ತು ಮಣ್ಣು ಎರಡನ್ನೂ ಎದುರುಬದುರು ಕೂರಿಸಿ ಕೇಳುವುದೇ ದಾರಿ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಸೀವೆಲ್ ಅವರಿಗೂ ರೋಮಿಗೂ ನಂಟಿತ್ತು. ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳ ಬಗ್ಗೆ 1904ರಲ್ಲಿ ಅವರು ಬರೆದ ಲೇಖನವನ್ನು ಆ ವಿಷಯದ ವಿದ್ವಾಂಸರು ಇಂದಿಗೂ ಹೆಸರಿಸುತ್ತಾರೆ.

ಇಷ್ಟು ಎಚ್ಚರದ ಮನುಷ್ಯನೂ ನಮ್ಮ ಜಿಲ್ಲೆಯ ನೆಲದಲ್ಲೇ ಒಂದು ಕಡೆ ಎಡವಿದರು. ಕುಡತಿನಿಯ ಬಳಿ ಮತ್ತು ಇನ್ನೂ ಹಲವೆಡೆ ಬೂದಿಗುಡ್ಡಗಳಿವೆ. ಜನರು ಅವನ್ನು ರಾಕ್ಷಸನನ್ನು ಸುಟ್ಟ ಬೂದಿ ಎನ್ನುತ್ತಿದ್ದರು. 1899ರಲ್ಲಿ ಸೀವೆಲ್ ಇವುಗಳ ಮೇಲೆ ಲೇಖನ ಬರೆದು, ಇವು ವಿಜಯನಗರ ಕಾಲದ ದೊಡ್ಡ ದಹನಗಳ, ಸಹಗಮನಗಳ ಅವಶೇಷಗಳಿರಬೇಕೆಂದು ವಾದಿಸಿದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವು ಶಿಲಾಯುಗದವು, ದನದ ಸಗಣಿ ಸುಟ್ಟದ್ದು ಎಂದು ಹೇಳಿದ್ದರು. 1957ರಲ್ಲಿ ಎಫ್.ಆರ್. ಆಲ್ಚಿನ್ ಅವರು ಈಗ ತೆಲಂಗಾಣದಲ್ಲಿರುವ ಉಟ್ನೂರಿನ ಬೂದಿಗುಡ್ಡವನ್ನು ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಇಂಗಾಲದ ಪರೀಕ್ಷೆ ಅವುಗಳ ವಯಸ್ಸು ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚೆಂದಿತು. 1963-64ರಲ್ಲಿ ನಮ್ಮ ತಾಲೂಕಿನ ತೆಕ್ಕಲಕೋಟೆಯ ಬೆಟ್ಟದಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ಮಾಡಿ ಅದೇ ನವಶಿಲಾಯುಗದ ಜನರ ಮನೆಗಳನ್ನು, ಮಡಕೆಗಳನ್ನು, ಬಂಗಾರದ ಒಡವೆಯನ್ನೂ ಬೆಳಕಿಗೆ ತಂದರು.

ರಾಯಚೂರಿನಲ್ಲಿ ಗೆದ್ದವರು ಕುಡತಿನಿಯಲ್ಲಿ ಸೋತದ್ದೇಕೆ? ರಾಯಚೂರಿನಲ್ಲಿ ಅವರು ಒಂದು ಸಾಕ್ಷಿಯನ್ನು ಇನ್ನೆರಡರಿಂದ ಪರೀಕ್ಷಿಸಿದರು. ಬೂದಿಗುಡ್ಡದಲ್ಲಿ ಪುಸ್ತಕದಲ್ಲಿ ಓದಿದ್ದನ್ನು ಮಣ್ಣಿನ ಮೇಲೆ ಹೊರಿಸಿದರು, ಮಣ್ಣನ್ನು ಅಗೆದು ಕೇಳಲಿಲ್ಲ. ಒಂದೇ ಸಾಕ್ಷಿಯನ್ನು ನಂಬಿದರೆ ಎಂಥ ಪಂಡಿತನಿಗೂ ಸಾವಿರಾರು ವರ್ಷ ತಪ್ಪಬಹುದು. ಸೀವೆಲ್ ಅವರ ಬದುಕಿನಿಂದ ನಾನು ಕಲಿತದ್ದು ಇದೇ.

ಇನ್ನೊಂದನ್ನೂ ಹೇಳಲೇಬೇಕು. ಸೀವೆಲ್ ಆಳುವವರ ಕಡೆಯ ಅಧಿಕಾರಿ. ವಿಜಯನಗರವನ್ನು ಮುಸ್ಲಿಮರಿಗೆ ಎದುರಾಗಿ ನಿಂತ ಹಿಂದೂ ಗೋಡೆ ಎಂಬಂತೆ ಚಿತ್ರಿಸಿದರು. ಎರಡೂ ಕಡೆ ಪೋರ್ಚುಗೀಸರಿದ್ದ, ವಿಜಯನಗರದ ಸೈನ್ಯದಲ್ಲಿ ಮುಸ್ಲಿಮರೂ ಇದ್ದ ಕಾಲಕ್ಕೆ ಆ ಚಿತ್ರ ಅಷ್ಟು ಸರಿಹೊಂದುವುದಿಲ್ಲ ಎಂದು ಈಚಿನ ಇತಿಹಾಸಕಾರರು ತೋರಿಸಿದ್ದಾರೆ. ಮರೆತುಹೋದ ಸಾಮ್ರಾಜ್ಯ ಎಂಬ ಹೆಸರೂ ಹಾಗೆಯೇ. ಮರೆತವರು ಯಾರು? ಹಂಪಿಯ ವಿರೂಪಾಕ್ಷನ ತೇರಿಗೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ನಮ್ಮ ಹಿರಿಯರು ಮರೆತಿರಲಿಲ್ಲ. ಅವರ ಅಭಿಪ್ರಾಯಗಳನ್ನು ಒಪ್ಪದೆಯೂ ಅವರ ಲೆಕ್ಕವನ್ನು ಒಪ್ಪಬಹುದು. ಲೆಕ್ಕವನ್ನು ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದು, ಅದೇ ಅದರ ದೊಡ್ಡ ಗುಣ.

ಸೀವೆಲ್ ಮುಪ್ಪಿನಲ್ಲೂ ಕೆಲಸ ಬಿಡಲಿಲ್ಲ. 1912ರಲ್ಲಿ ಕಾಲಗಣನೆಯ ಮೇಲೆ ಇನ್ನೊಂದು ಗ್ರಂಥ ಬಂತು, 1924ರಲ್ಲಿ ಸಿದ್ಧಾಂತ ಗ್ರಂಥಗಳ ಲೆಕ್ಕಾಚಾರದ ಮೇಲೆ ಮತ್ತೊಂದು. 1925ರಲ್ಲಿ ತೀರಿಕೊಂಡರು. ದಕ್ಷಿಣ ಭಾರತದ ಐತಿಹಾಸಿಕ ಶಾಸನಗಳನ್ನು ಕಾಲಕ್ರಮದಲ್ಲಿ ಜೋಡಿಸಿದ ಅವರ ಕೊನೆಯ ಪುಸ್ತಕವನ್ನು ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್ ಸಂಪಾದಿಸಿ, ಮದ್ರಾಸ್ ವಿಶ್ವವಿದ್ಯಾಲಯ 1932ರಲ್ಲಿ ಹೊರತಂದಿತು.

ಹಿತ್ತಲ ಗಿಡ ಮದ್ದಲ್ಲ ಎಂಬಂತೆ ನಮ್ಮ ಸುತ್ತಲಿನ ಕಲ್ಲು ಮಣ್ಣಿಗೆ ನಾವು ಬೆಲೆ ಕೊಡುವುದಿಲ್ಲ. ಸಂಗನಕಲ್ಲು, ಕುಪ್ಪಗಲ್ಲುಗಳ ಶಿಲಾಯುಗದ ಬೆಟ್ಟಗಳಿಗೆ ಕಲ್ಲು ಗಣಿಯವರ ಸುತ್ತಿಗೆ ಬಿದ್ದದ್ದನ್ನು ನಾವು ಕಂಡಿದ್ದೇವೆ. ಇಸವಿ ತಪ್ಪಿದರೆ ಮುಂದೆ ಯಾರಾದರೂ ತಿದ್ದಬಹುದು, ಸಾಕ್ಷಿಯೇ ಜಲ್ಲಿಯಾಗಿ ರಸ್ತೆಗೆ ಹೋದರೆ ತಿದ್ದುವವರಿಗೆ ಏನೂ ಉಳಿಯುವುದಿಲ್ಲ. ನಮ್ಮ ಶಾಲೆಯ ಈಗಿನ ಮಕ್ಕಳು ಒಮ್ಮೆ ತೆಕ್ಕಲಕೋಟೆಯ ಬೆಟ್ಟ ಹತ್ತಲಿ, ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನಲ್ಲಿರುವ ವಸ್ತುಸಂಗ್ರಹಾಲಯ ನೋಡಲಿ, ಊರಿನ ಗುಡಿಯ ಮುಂದಿನ ಶಾಸನದ ತಿಥಿ ವಾರಗಳನ್ನು ಬರೆದುಕೊಂಡು ಬಂದು ಗಣಿತದ ಮೇಷ್ಟ್ರನ್ನೂ ಸಮಾಜ ವಿಜ್ಞಾನದ ಮೇಷ್ಟ್ರನ್ನೂ ಒಟ್ಟಿಗೆ ಕೂರಿಸಿ ಕೇಳಲಿ.